ಸೋರ್ಸ್ ಕೋಡ್ ಓಪನ್ನು, ಆದ್ರೆ ಫೋನು?

ಹೋದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಬ್ಯಾಗ್ ಇಳಿಸೋಕೂ ಬಿಡದೆ ಅಮ್ಮ ತನ್ನ ಫೋನನ್ನ ಕೈಗೆ ಕೊಟ್ಟಳು. "ನೋಡೋ ಇದನ್ನ. ವಾಟ್ಸಾಪ್ ಒತ್ತಿದ್ರೆ ಕಾಫಿ ಮಾಡ್ಕೊಂಡು ಬರೋಷ್ಟು ಹೊತ್ತು ತಗೊಳುತ್ತೆ. ಅಂಗಡಿಯವನು ಹೊಸದು ತಗೊಂಡುಬಿಡಿ ಅಂದ." ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಬ್ಲೌಸಿನ ಡಿಸೈನ್ ಬರೋದು ವಾಟ್ಸಾಪಲ್ಲಿ, ದುಡ್ಡು ಬರೋದು ಯುಪಿಐನಲ್ಲಿ. ಫೋನ್ ಕೈಕೊಟ್ರೆ ಹೊಲಿಗೆ ಮಷಿನ್ನೇ ಕೆಟ್ಟ ಹಾಗೆ.

ಕೂತು ನೋಡಿದೆ. ಪರದೆ ಚೆನ್ನಾಗಿದೆ. ಬ್ಯಾಟರಿ ಒಂದು ದಿನ ಬರುತ್ತೆ. ಎಂಟು ಕೋರಿನ ಪ್ರೊಸೆಸರ್, 4 ಜಿಬಿ ರ್‍ಯಾಮ್. ಸೆಟ್ಟಿಂಗ್ಸಿಗೆ ಹೋಗಿ ಸೆಕ್ಯುರಿಟಿ ಅಪ್‌ಡೇಟ್ ತಾರೀಖು ನೋಡಿದ್ರೆ ಮೂರು ವರ್ಷ ಹಿಂದಿನದು! ಅಂದ್ರೆ ಹಾರ್ಡ್‌ವೇರ್ ಗಟ್ಟಿಮುಟ್ಟಾಗಿದೆ, ಕಂಪನಿ ಮಾತ್ರ ಈ ಮಾಡೆಲ್ಲನ್ನ ಮರೆತು ಮೂರು ವರ್ಷ ಆಗಿದೆ.

ಹಾಸ್ಟೆಲಲ್ಲಿ ನಾನು ಬಳಸೋ ಲ್ಯಾಪ್‌ಟಾಪ್ ಇದಕ್ಕಿಂತ ಹಳೇದು, ಸೀನಿಯರ್ ಒಬ್ಬರು ಬಿಟ್ಟುಹೋಗಿದ್ದು. ಅದರಲ್ಲಿ ಇವತ್ತಿನ ಲಿನಕ್ಸ್ ಓಡ್ತಾ ಇದೆ. ಪೆನ್‌ಡ್ರೈವ್ ಹಾಕಿದೆ, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು. ಹಾಗಾದ್ರೆ ಫೋನಿಗೆ ಯಾಕಾಗಲ್ಲ? ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸ್ ಕರ್ನಲ್ಲೇ. ಆಂಡ್ರಾಯ್ಡೂ ಓಪನ್ ಸೋರ್ಸ್ ಅಂತ ನಾವೆಲ್ಲ ವೈವಾದಲ್ಲಿ ಹೇಳಿ ಮಾರ್ಕ್ಸ್ ತಗೊಂಡಿದೀವಿ. ಆ ಉತ್ತರ ಎಷ್ಟು ನಿಜ ಅಂತ ಗೊತ್ತಾಗೋಕೆ ನನ್ನ ರಜೆಯ ಎರಡು ವಾರ ಹೋಯ್ತು.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳೋಣ. ಆಂಡ್ರಾಯ್ಡ್ ಅಂತ ನಾವು ಕರೆಯೋದು ಒಂದೇ ವಸ್ತು ಅಲ್ಲ. 2005ರಲ್ಲಿ ಗೂಗಲ್ ಆಂಡ್ರಾಯ್ಡ್ ಅನ್ನೋ ಸಣ್ಣ ಕಂಪನಿಯನ್ನ ಕೊಂಡುಕೊಳ್ತು. 2007ರಲ್ಲಿ ಫೋನ್ ಕಂಪನಿಗಳು, ಚಿಪ್ ಕಂಪನಿಗಳೆಲ್ಲ ಸೇರಿ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್ ಅಂತ ಕೂಟ ಕಟ್ಟಿದ್ವು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್, ಎಚ್‌ಟಿಸಿ ಡ್ರೀಮ್, ಮಾರುಕಟ್ಟೆಗೆ ಬಂತು. ಆಗ ಸೋರ್ಸ್ ಕೋಡನ್ನೂ ಹೊರಗೆ ಬಿಟ್ರು. ಇದೇ ಎಎಒಎಸ್‌ಪಿ ಅಲ್ಲ, ಸರಿಯಾಗಿ ಹೇಳಬೇಕಂದ್ರೆ ಎಒಎಸ್‌ಪಿ, ಆಂಡ್ರಾಯ್ಡ್ ಓಪನ್ ಸೋರ್ಸ್ ಪ್ರಾಜೆಕ್ಟ್. (ನಾಲ್ಕು ಅಕ್ಷರದ ಹೆಸರು, ಪ್ರತಿ ಸಲವೂ ನಾಲಿಗೆ ತಡವರಿಸುತ್ತೆ.)

ಇದರಲ್ಲಿ ಎರಡು ಲೈಸೆನ್ಸ್ ಇವೆ. ಕೆಳಗಿರೋ ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೇ ಆವೃತ್ತಿಯದು. ಅಂದ್ರೆ ಕರ್ನಲ್ ತಿದ್ದಿ ಫೋನಲ್ಲಿ ಹಾಕಿ ಮಾರಿದ ಕಂಪನಿ, ತಿದ್ದಿದ ಸೋರ್ಸನ್ನ ಕೇಳಿದವರಿಗೆ ಕೊಡಲೇಬೇಕು. ಅದರ ಮೇಲಿರೋ ಭಾಗದ ಬಹುಪಾಲು ಅಪಾಚೆ ಲೈಸೆನ್ಸ್. ಇದರಲ್ಲಿ ಆ ಕಟ್ಟುಪಾಡಿಲ್ಲ. ತಗೊಳ್ಳಿ, ಬದಲಾಯಿಸಿ, ಬೇಕಾದ್ರೆ ಮುಚ್ಚಿಟ್ಕೊಳ್ಳಿ. ಕಂಪನಿಗಳು ಆಂಡ್ರಾಯ್ಡ್‌ಗೆ ಮುಗಿಬಿದ್ದಿದ್ದಕ್ಕೆ ಈ ಸಡಿಲತನ ದೊಡ್ಡ ಕಾರಣ. ನನ್ನ ಮಟ್ಟಿಗೆ ಹೇಳೋದಾದ್ರೆ, ಇವತ್ತಿನ ತಲೆನೋವು ಶುರುವಾಗಿದ್ದೂ ಇಲ್ಲೇ.

ಓಪನ್ ಆಗಿದ್ದರಿಂದ ನಮಗೇನೂ ಸಿಕ್ಕಿಲ್ಲ ಅಂತಲ್ಲ. ಕನ್ನಡ ಸಂಘದ ಪತ್ರಿಕೆಯಾದ್ದರಿಂದ ಇದನ್ನ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಹಳೇ ಆಂಡ್ರಾಯ್ಡ್ ಫೋನಲ್ಲಿ ಕನ್ನಡ ಮೆಸೇಜ್ ಬಂದ್ರೆ ಬರೀ ಚೌಕ ಚೌಕ ಡಬ್ಬಿ ಕಾಣ್ತಿತ್ತು. ಫಾಂಟ್ ಒಂದು ತುರುಕಿದ್ರೆ ಸಾಕು ಅಂದುಕೊಂಡವರಿಗೆ ಇನ್ನೊಂದು ಆಟ ಕಾದಿತ್ತು. 'ಸ್ತ್ರೀ' ಅನ್ನೋ ಒಂದೇ ಅಕ್ಷರ ಯೂನಿಕೋಡಲ್ಲಿ ಆರು ತುಂಡು: ಸ, ವಿರಾಮ, ತ, ವಿರಾಮ, ರ, ಈಕಾರ. ಇವನ್ನ ಸಾಲಾಗಿ ಬರೆಯೋದಲ್ಲ, ಒಂದರ ಕೆಳಗೊಂದು ಒತ್ತು ಕೊಟ್ಟು, ಮೇಲೆ ಗುಡಿಸು ಹಾಕಿ, ಪಕ್ಕದಲ್ಲಿ ದೀರ್ಘ ಎಳೆದು ಕೂರಿಸಬೇಕು. ಆ ಕೂರಿಸೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಅದನ್ನ ಮಾಡೋ ತಂತ್ರಾಂಶ ಹಾರ್ಫ್‌ಬಝ್, ಅದೂ ಓಪನ್ ಸೋರ್ಸೇ. 2012ರಲ್ಲಿ ಬಂದ ಆಂಡ್ರಾಯ್ಡ್ 4.1, ಅಂದ್ರೆ ಜೆಲ್ಲಿ ಬೀನ್‌ನಲ್ಲಿ ಕನ್ನಡ, ತೆಲುಗು, ಮಲಯಾಳಂಗೆ ಸಿಸ್ಟಮ್ ಬೆಂಬಲ ಸಿಕ್ತು. ಅದೇ ಹಾರ್ಫ್‌ಬಝ್ ಇವತ್ತು ಫೈರ್‌ಫಾಕ್ಸಲ್ಲಿದೆ, ಕ್ರೋಮಲ್ಲಿದೆ, ಲಿಬ್ರೆಆಫೀಸಲ್ಲಿದೆ. ಯಾರೋ ಒಬ್ಬರು ಒಂದು ಒತ್ತಕ್ಷರ ಸರಿ ಮಾಡಿದ್ರೆ ಎಲ್ಲ ಕಡೆಯೂ ಸರಿಯಾಗುತ್ತೆ.

ಈಗ ಅಮ್ಮನ ಫೋನಿಗೆ ಬರ್ತೀನಿ. ಎಒಎಸ್‌ಪಿ ಸೋರ್ಸನ್ನ ಯಾರು ಬೇಕಾದರೂ ಇಳಿಸ್ಕೋಬಹುದು. ಡಿಸ್ಕಿನಲ್ಲಿ ನೂರಾರು ಜಿಬಿ ಜಾಗ, ತಾಳ್ಮೆ ಎರಡೂ ಇರಬೇಕು ಅಷ್ಟೆ. ಇಳಿಸಿ, ಬಿಲ್ಡ್ ಮಾಡಿ, ಅಮ್ಮನ ಫೋನಿಗೆ ಹಾಕಿದ್ರೆ? ಬೂಟ್ ಆಗೋದೇ ಇಲ್ಲ. ಯಾಕೆ ಅನ್ನೋದೇ ಈ ಲೇಖನದ ಜೀವಾಳ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ನಿಮ್ಮ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಇದ್ರೆ ಟರ್ಮಿನಲ್ ತೆಗೆದು 'ಎಲ್‌ಎಸ್‌ಪಿಸಿಐ' ಅಂತ ಹೊಡೆದು ನೋಡಿ. ಗ್ರಾಫಿಕ್ಸ್ ಕಾರ್ಡ್, ವೈಫೈ, ಆಡಿಯೋ ಎಲ್ಲ ಸಾಲಾಗಿ ಬರುತ್ತೆ. ಕರ್ನಲ್ಲಿಗೆ ಇದನ್ನ ಯಾರೂ ಮೊದಲೇ ಹೇಳಿಕೊಟ್ಟಿಲ್ಲ. ಪಿಸಿಐ ಬಸ್ಸಿನ ಮೇಲಿರೋ ಪ್ರತಿ ಸಾಧನದ ಹತ್ರ ಒಂದು ವೆಂಡರ್ ಐಡಿ, ಒಂದು ಡಿವೈಸ್ ಐಡಿ ಇರುತ್ತೆ. ಕೇಳಿದ್ರೆ ಅದೇ ಹೇಳುತ್ತೆ. ಯುಎಸ್‌ಬಿಯೂ ಹಾಗೆಯೇ. ಹೀಗೆ ತಾನಾಗೇ ಹೇಳಿಕೊಳ್ಳದ ವಿವರಗಳನ್ನ ಮದರ್‌ಬೋರ್ಡಿನ ಫರ್ಮ್‌ವೇರ್ ಎಸಿಪಿಐ ಅನ್ನೋ ಪಟ್ಟಿಗಳಲ್ಲಿ ಬರೆದಿಟ್ಟಿರುತ್ತೆ. ಜಯನಗರದ ಲೇಔಟಿಗೆ ಬಂದ ಹೊಸ ಪೋಸ್ಟ್‌ಮ್ಯಾನ್ ಹಾಗೆ: ಬ್ಲಾಕು, ಕ್ರಾಸು, ಮೇನು, ಮನೆ ನಂಬರು. ಯಾರನ್ನೂ ಕೇಳದೆ ಕಾಗದ ಹಂಚಬಹುದು.

ಫೋನ್ ನಮ್ಮೂರಿನ ಥರ. ಮನೆಗೆ ನಂಬರ್ ಇಲ್ಲ. "ಹುಣಸೆಮರದ ಹಿಂದಿನ ಮನೆ, ಕರಿ ಹಸು ಕಟ್ಟಿರುತ್ತಲ್ಲ ಅದು" ಅಂತ ಯಾರಾದ್ರೂ ಹೇಳಬೇಕು. ಫೋನಿನ ಟಚ್‌ಸ್ಕ್ರೀನ್ ಚಿಪ್, ಚಾರ್ಜರ್ ಚಿಪ್, ಸೆನ್ಸರ್‌ಗಳು ಕೂತಿರೋದು ಹೆಚ್ಚಾಗಿ ಐ-ಸ್ಕ್ವೇರ್-ಸಿ ಅಥವಾ ಎಸ್‌ಪಿಐ ಥರದ ಬಸ್ ಮೇಲೆ. ಮೂರನೇ ಸೆಮ್ ಲ್ಯಾಬಲ್ಲಿ ನೀವೇ ನೋಡಿರ್ತೀರ, ಅಲ್ಲಿ "ನೀನು ಯಾರಪ್ಪಾ?" ಅಂತ ಕೇಳೋ ಪದ್ಧತಿಯೇ ಇಲ್ಲ. ಇಂಥ ಅಡ್ರೆಸ್ಸಿನಲ್ಲಿ ಇಂಥ ಚಿಪ್ ಇದೆ, ಅದಕ್ಕೆ ವಿದ್ಯುತ್ ಈ ರೆಗ್ಯುಲೇಟರಿನಿಂದ ಬರುತ್ತೆ, ಇಂಟರಪ್ಟ್ ಈ ಪಿನ್ನಿನಲ್ಲಿ ಬರುತ್ತೆ, ಇಷ್ಟೂ ಮೊದಲೇ ಗೊತ್ತಿರಬೇಕು. ಊಹೆ ಮಾಡಿ ತಪ್ಪು ರೆಗ್ಯುಲೇಟರಿಗೆ ತಪ್ಪು ವೋಲ್ಟೇಜ್ ಕೊಟ್ರೆ ಚಿಪ್ ಸುಟ್ಟೂ ಹೋಗಬಹುದು.

ಈ ಮಾಹಿತಿಯನ್ನೆಲ್ಲ ಬರೆದಿಡೋ ಫೈಲಿಗೆ ಡಿವೈಸ್ ಟ್ರೀ ಅಂತ ಹೆಸರು. ಮೊದಲೆಲ್ಲ ಇದನ್ನ ಪ್ರತಿ ಬೋರ್ಡಿಗೂ ಬೇರೆ ಬೇರೆ ಸಿ ಫೈಲಾಗಿ ಕರ್ನಲ್ಲಿನ ಒಳಗೇ ತುಂಬ್ತಿದ್ರು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಈ ಎಆರ್‌ಎಂ ಕೋಡಿನ ರಾಶಿ ನೋಡಿ ಮೇಲಿಂಗ್ ಲಿಸ್ಟಿನಲ್ಲಿ ಎಲ್ಲರೆದುರೇ ರೇಗಿದ್ರು. ಆಮೇಲೆ ಎಆರ್‌ಎಂ ಲೋಕ ಡಿವೈಸ್ ಟ್ರೀ ಕಡೆ ಹೊರಳಿತು. ಈಗ ವಿವರ ಬೇರೆ, ಡ್ರೈವರ್ ಬೇರೆ. ಆದ್ರೂ ಆ ವಿವರ ಯಾರಾದ್ರೂ ಬರೀಬೇಕಲ್ಲ? ಒಂದೇ ಕಂಪನಿಯ ಒಂದೇ ವರ್ಷದ ಎರಡು ಮಾಡೆಲ್‌ಗೂ ಬೇರೆ ಬೇರೆ ಡಿವೈಸ್ ಟ್ರೀ ಬೇಕು. ಲ್ಯಾಪ್‌ಟಾಪಿಗೆ ಒಂದೇ ಉಬುಂಟು ಐಎಸ್‌ಒ ಸಾಕಾಗಿ, ಫೋನಿಗೆ ಮಾತ್ರ ಮಾಡೆಲ್ಲಿಗೊಂದು ರಾಮ್ ಯಾಕೆ ಬೇಕು ಅನ್ನೋದರ ಉತ್ತರ ಇಷ್ಟೇ.

ಇದರ ಮೇಲೆ ಇನ್ನೊಂದು ಗಂಟು. ಚಿಪ್ ಮಾಡೋ ಕಂಪನಿ ಲಿನಕ್ಸಿನ ಒಂದು ಆವೃತ್ತಿ ತಗೊಂಡು ಅದಕ್ಕೆ ತನ್ನ ಲಕ್ಷಾಂತರ ಸಾಲಿನ ಕೋಡ್ ಸೇರಿಸುತ್ತೆ. ಫೋನ್ ಕಂಪನಿ ಅದರ ಮೇಲೆ ತನ್ನದನ್ನ ಸೇರಿಸುತ್ತೆ. ಈ ಕೋಡಿನಲ್ಲಿ ಬಹಳಷ್ಟು ಮೂಲ ಲಿನಕ್ಸಿಗೆ ವಾಪಸ್ ಹೋಗೋದೇ ಇಲ್ಲ. ಲಿನಕ್ಸ್ ಕರ್ನಲ್ಲಿನ ಒಳಗಿನ ಇಂಟರ್‌ಫೇಸ್‌ಗಳು ಪ್ರತಿ ಆವೃತ್ತಿಗೂ ಬದಲಾಗ್ತಾ ಇರುತ್ವೆ, ಕರ್ನಲ್ ಅಭಿವೃದ್ಧಿ ಮಾಡೋರು ಬೇಕಂತಲೇ ಅದನ್ನ ಸ್ಥಿರ ಇಟ್ಟಿಲ್ಲ. ಮೂಲದ ಒಳಗಿರೋ ಡ್ರೈವರನ್ನ ಬದಲಾಯಿಸಿದವರೇ ಸರಿಮಾಡ್ತಾರೆ, ಹೊರಗೆ ಉಳಿದ ಡ್ರೈವರಿಗೆ ದಿಕ್ಕಿಲ್ಲ. ಹಾಗಾಗಿ ಚಿಪ್ ಕಂಪನಿ ಒಂದು ಚಿಪ್ಪಿಗೆ ಬೆಂಬಲ ನಿಲ್ಲಿಸಿದ ದಿನ ಅದರ ಮೇಲೆ ಕಟ್ಟಿದ ಎಲ್ಲ ಫೋನುಗಳ ಆಯಸ್ಸೂ ಎಣಿಕೆಗೆ ಬಂದ ಹಾಗೆ. ಫೋನ್ ಕಂಪನಿಗೆ ಮನಸ್ಸಿದ್ರೂ ಮುಂದೆ ಹೋಗೋದು ಕಷ್ಟ. ಅಮ್ಮನ ಫೋನಿನ ಆ ಮೂರು ವರ್ಷದ ಹಿಂದಿನ ತಾರೀಖಿನ ಹಿಂದೆ ಇರೋ ಕಥೆ ಇದು.

ಗೂಗಲ್ಲಿಗೂ ಇದು ಗೊತ್ತಿಲ್ಲದೇ ಇಲ್ಲ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಪ್ರಾಜೆಕ್ಟ್ ಟ್ರೆಬಲ್ ತಂದು, ಚಿಪ್ಪಿಗೆ ಸಂಬಂಧಪಟ್ಟ ಭಾಗವನ್ನ 'ವೆಂಡರ್' ಅನ್ನೋ ಬೇರೆ ಪಾರ್ಟಿಷನ್ನಿಗೆ ಹಾಕಿದ್ರು. ಮೇಲಿನ ಆಂಡ್ರಾಯ್ಡನ್ನ ಕೆಳಗಿನದನ್ನ ಮುಟ್ಟದೆ ಬದಲಾಯಿಸೋಕೆ ಆಗಲಿ ಅಂತ. ಆಂಡ್ರಾಯ್ಡ್ 12ರ ಹೊತ್ತಿಗೆ ಎಲ್ಲರಿಗೂ ಒಂದೇ ಕರ್ನಲ್, ಡ್ರೈವರ್‌ಗಳು ಬಿಡಿಬಿಡಿ ಮಾಡ್ಯೂಲ್ ಅನ್ನೋ ವ್ಯವಸ್ಥೆ ಬಂತು. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಥರದ ಫೋನಿಗೆ ಈಗ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿದಾರೆ. ಒಳ್ಳೇದೇ. ಆದ್ರೆ ಅವು ಅಮ್ಮನಂಥೋರು ಕೊಳ್ಳೋ ಫೋನುಗಳಲ್ಲ.

ಕಂಪನಿ ಕೈಬಿಟ್ಟ ಫೋನನ್ನ ಎತ್ತಿಕೊಳ್ಳೋ ಜನ ಮೊದಲಿಂದಲೂ ಇದ್ರು. 2009ರಲ್ಲಿ ಸ್ಟೀವ್ ಕಾಂಡಿಕ್ ಶುರು ಮಾಡಿದ ಸಯಾನೋಜೆನ್‌ಮಾಡ್ ಅದರಲ್ಲಿ ದೊಡ್ಡ ಹೆಸರು. ಅದೇ ವರ್ಷ ಗೂಗಲ್ಲಿನಿಂದ ಅವರಿಗೆ ಕಾನೂನು ಪತ್ರ ಹೋಯ್ತು. ಎಒಎಸ್‌ಪಿ ಓಪನ್, ಸರಿ. ಅದರ ಜೊತೆ ನೀವು ಹಂಚ್ತಾ ಇರೋ ಜಿಮೇಲ್, ಮ್ಯಾಪ್ಸ್, ಮಾರ್ಕೆಟ್ ನಮ್ಮವು, ಹಂಚೋ ಹಾಗಿಲ್ಲ ಅಂತ. 'ಗ್ಯಾಪ್ಸ್' ಅಂತ ಬೇರೆ ಜಿಪ್ ಫೈಲ್ ಇವತ್ತಿಗೂ ಪ್ರತ್ಯೇಕವಾಗಿ ಹಾಕ್ಕೋಬೇಕಾಗಿರೋದು ಇದರಿಂದಲೇ. ಮುಂದೆ ಸಯಾನೋಜೆನ್ ಕಂಪನಿಯಾಯ್ತು. 2014ರಲ್ಲಿ ಒನ್‌ಪ್ಲಸ್ ಒನ್ ಅದನ್ನೇ ಹೊತ್ತು ಬಂತು. ಭಾರತದಲ್ಲಿ ಮಾತ್ರ ಮೈಕ್ರೋಮ್ಯಾಕ್ಸಿನ ಯು ಬ್ರ್ಯಾಂಡ್ ಜೊತೆ ಸಯಾನೋಜೆನ್ ವಿಶೇಷ ಒಪ್ಪಂದ ಮಾಡ್ಕೊಂಡು, ವ್ಯಾಜ್ಯ ದೆಹಲಿ ಹೈಕೋರ್ಟಿಗೆ ಹೋಗಿ, ಒನ್‌ಪ್ಲಸ್ ಮಾರಾಟಕ್ಕೆ ಸ್ವಲ್ಪ ದಿನ ತಡೆಯೂ ಬಿತ್ತು. ಓಪನ್ ಸೋರ್ಸ್ ಸಾಫ್ಟ್‌ವೇರಿನ ಮೇಲೆ "ಇದು ನಮಗೆ ಮಾತ್ರ" ಅಂತ ಕೋರ್ಟಲ್ಲಿ ಜಗಳ! 2016ರ ಡಿಸೆಂಬರಲ್ಲಿ ಆ ಕಂಪನಿ ಸೇವೆ ನಿಲ್ಲಿಸ್ತು. ಆದ್ರೆ ಕೋಡ್ ಯಾರಪ್ಪನ ಮನೆದೂ ಅಲ್ಲವಲ್ಲ. ಅದೇ ಜನ ಅದೇ ತಿಂಗಳು ಲೀನಿಯೇಜ್‌ಒಎಸ್ ಅನ್ನೋ ಹೆಸರಲ್ಲಿ ಮುಂದುವರಿಸಿದ್ರು. ಕಂಪನಿ ಸತ್ತರೂ ಸಾಫ್ಟ್‌ವೇರ್ ಸಾಯಲಿಲ್ಲ. ಲೈಸೆನ್ಸ್ ಅನ್ನೋ ಆ ಒಣ ಕಾಗದದ ಬೆಲೆ ನನಗೆ ಅರ್ಥ ಆಗಿದ್ದು ಈ ಪ್ರಸಂಗದಲ್ಲಿ.

ಅಮ್ಮನ ಮಾಡೆಲ್ಲಿಗೆ ಲೀನಿಯೇಜ್ ಇತ್ತು. ಯಾರೋ ಪುಣ್ಯಾತ್ಮರು ಅದರ ಡಿವೈಸ್ ಟ್ರೀ ನೋಡಿಕೊಳ್ತಾ ಇದಾರೆ, ಸಂಬಳ ಇಲ್ಲದೆ.

ಹಾಕೋಕೆ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಆಗಬೇಕು. ಫೋನ್ ಆನ್ ಮಾಡಿದ ತಕ್ಷಣ ಮೊದಲು ಓಡೋದು ಚಿಪ್ಪಿನ ಒಳಗೇ ಕೆತ್ತಿರೋ ಬೂಟ್ ರಾಮ್. ಅದು ಮುಂದಿನ ಬೂಟ್‌ಲೋಡರಿನ ಸಹಿಯನ್ನ ಪರೀಕ್ಷೆ ಮಾಡುತ್ತೆ. ಬೂಟ್‌ಲೋಡರ್ ಕರ್ನಲ್ಲಿನ ಸಹಿ ನೋಡುತ್ತೆ. ಹೀಗೆ ಒಬ್ಬರು ಇನ್ನೊಬ್ಬರನ್ನ ತಪಾಸಣೆ ಮಾಡ್ತಾ ಹೋಗ್ತಾರೆ. ಇದನ್ನ ಕೆಟ್ಟದ್ದು ಅಂತ ಬೈಯ್ಯೋಕಾಗಲ್ಲ. ಕದ್ದ ಫೋನಿಗೆ ಕಳ್ಳ ತನ್ನ ಸಾಫ್ಟ್‌ವೇರ್ ಹಾಕಿ ನಿಮ್ಮ ಫೋಟೋ ನೋಡಬಾರದು ಅಂದ್ರೆ ಇದು ಬೇಕು. ಅನ್‌ಲಾಕ್ ಮಾಡಿದ ಕೂಡಲೇ ಡೇಟಾ ಎಲ್ಲ ಅಳಿಸಿಹೋಗೋದೂ ಅದಕ್ಕೇ. ನನ್ನ ತಕರಾರು ಬೇರೆ. ಕೆಲವು ಕಂಪನಿಗಳು ಒಂದು ಕಮ್ಯಾಂಡಿಗೆ ಅನ್‌ಲಾಕ್ ಆಗೋಕೆ ಬಿಡ್ತಾರೆ, ಕೆಲವರು ಬಿಡೋದೇ ಇಲ್ಲ. ಅಮ್ಮನ ಫೋನಿನ ಕಂಪನಿ ಮಧ್ಯದ್ದು: ಅರ್ಜಿ ಹಾಕು, ಏಳು ದಿನ ಕಾಯಿ ಅಂತು. ದುಡ್ಡು ಕೊಟ್ಟು ಕೊಂಡ ಫೋನಿಗೆ ತಾಲ್ಲೂಕು ಆಫೀಸಲ್ಲಿ ಪಹಣಿಗೆ ಕಾದ ಹಾಗೆ ಕಾದೆ.

ಎಂಟನೇ ದಿನ ಅನ್‌ಲಾಕ್ ಆಯ್ತು. ಲೀನಿಯೇಜ್ ರಿಕವರಿ ಹಾಕಿದೆ, ರಾಮ್ ಹಾಕಿದೆ, ರೀಬೂಟ್ ಕೊಟ್ಟೆ. ಲೋಗೋ ಬಂತು, ಹೋಯ್ತು, ಮತ್ತೆ ಬಂತು. ಬೂಟ್‌ಲೂಪ್. ಅಮ್ಮ ಹಿಂದೆ ನಿಂತು, "ಹಾಳ್ಮಾಡ್ದ್ಯಾ?" ಅಂದಳು. ಬೆವರು ಬಂತು ನಿಜ. ಹಳೇ ಸಿಸ್ಟಮ್ಮಿನ ಎನ್‌ಕ್ರಿಪ್ಟ್ ಆದ ಡೇಟಾ ಪಾರ್ಟಿಷನ್ನನ್ನ ಫಾರ್ಮ್ಯಾಟ್ ಮಾಡೋದು ಮರೆತಿದ್ದೆ. ಸೂಚನೆಯಲ್ಲಿ ಮೊದಲೇ ಬರೆದಿತ್ತು, ನಾನೇ ಓದಿರಲಿಲ್ಲ. ಫಾರ್ಮ್ಯಾಟ್ ಮಾಡಿದ ಮೇಲೆ ಎದ್ದು ಕೂತಿತು. ಮೆನುವೆಲ್ಲ ಕನ್ನಡಕ್ಕೆ ಹಾಕಿಕೊಟ್ಟೆ. ವಾಟ್ಸಾಪ್ ಒತ್ತಿದ್ರೆ ತಕ್ಷಣ ತೆಗೆಯುತ್ತೆ. ಫೋನ್ ಹೊಸದಾದ ಹಾಗಿತ್ತು!

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಲೀನಿಯೇಜಿನ ಸೆಟ್ಟಿಂಗ್ಸಲ್ಲಿ ಎರಡು ತಾರೀಖು ಕಾಣುತ್ತೆ. ಆಂಡ್ರಾಯ್ಡ್ ಸೆಕ್ಯುರಿಟಿ ಪ್ಯಾಚ್ ಹೋದ ತಿಂಗಳದ್ದು. ವೆಂಡರ್ ಸೆಕ್ಯುರಿಟಿ ಪ್ಯಾಚ್ ಅದೇ ಮೂರು ವರ್ಷ ಹಿಂದಿನದು. ಗ್ರಾಫಿಕ್ಸ್, ಕ್ಯಾಮೆರಾ, ಬೆರಳಚ್ಚು ಓದೋ ಸೆನ್ಸರ್, ಇವುಗಳ ಡ್ರೈವರಿನ ಮುಖ್ಯ ಭಾಗ ಬರೋದು ಬೈನರಿಯಾಗಿ. ಅದಕ್ಕೆ ಬ್ಲಾಬ್ ಅಂತಾರೆ. ಸೋರ್ಸ್ ಇಲ್ಲ. ಲೀನಿಯೇಜ್ ಬಿಲ್ಡ್ ಮಾಡೋರು ಕಂಪನಿಯ ಹಳೇ ಸಾಫ್ಟ್‌ವೇರಿನಿಂದ ಆ ಫೈಲುಗಳನ್ನ ಕಿತ್ತು ತಂದು ಹಾಗೇ ಜೋಡಿಸ್ತಾರೆ. ಅದರೊಳಗೆ ತೂತಿದ್ರೆ ತೂತು ಹಾಗೇ ಇರುತ್ತೆ. ಕಸ್ಟಮ್ ರಾಮ್ ಹಾಕಿದ್ರೆ ಫೋನ್ ಪೂರ್ತಿ ಸುರಕ್ಷಿತ ಅಂತ ಯಾರಾದ್ರೂ ಹೇಳಿದ್ರೆ ಈ ಎರಡನೇ ತಾರೀಖು ತೋರಿಸಿ. ಫೋಟೋ ಸ್ವಲ್ಪ ಮಂಕಾಗೋದೂ ಇದೇ ಕಾರಣಕ್ಕೆ. ಕಂಪನಿಯ ಕ್ಯಾಮೆರಾ ಆ್ಯಪಿನ ಜೊತೆ ಬರೋ ಚಿತ್ರ ತಿದ್ದೋ ಕಸುಬು ಓಪನ್ ಅಲ್ಲ. ಇನ್ನು ಮೋಡೆಮ್ ಅಂತೂ ಬೇರೆಯದೇ ಲೋಕ: ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮುಚ್ಚಿದ ಆಪರೇಟಿಂಗ್ ಸಿಸ್ಟಮ್.

ಮರುದಿನ ಬೆಳಿಗ್ಗೆ ಯುಪಿಐ ಆ್ಯಪ್ ಹಾಕಿದೆ. "ಈ ಸಾಧನ ಸುರಕ್ಷಿತವಲ್ಲ" ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು.

ಇದರ ಹಿಂದೆ ನಡೆಯೋದು ಹೀಗೆ. ಆ್ಯಪ್ ಗೂಗಲ್ಲಿನ ಪ್ಲೇ ಇಂಟೆಗ್ರಿಟಿ ಸೇವೆಗೆ "ಈ ಫೋನ್ ಹೇಗಿದೆ?" ಅಂತ ಕೇಳುತ್ತೆ. ಪ್ರೊಸೆಸರಿನ ಒಳಗಿನ ಸುರಕ್ಷಿತ ಭಾಗದಲ್ಲಿ ಫ್ಯಾಕ್ಟರಿಯಲ್ಲೇ ಇಟ್ಟ ಒಂದು ಕೀ ಇರುತ್ತೆ. ಬೂಟ್‌ಲೋಡರ್ ಲಾಕ್ ಆಗಿದೆಯೋ ಇಲ್ಲವೋ, ಬೂಟ್ ಆಗಿದ್ದು ಯಾರ ಸಹಿಯ ಸಾಫ್ಟ್‌ವೇರ್ ಅನ್ನೋದನ್ನ ಅದು ಸಹಿ ಹಾಕಿ ಹೇಳುತ್ತೆ. ಗೂಗಲ್ಲಿನ ಸರ್ವರ್ ಅದನ್ನ ನೋಡಿ ತೀರ್ಪು ಕೊಡುತ್ತೆ. ತೀರ್ಪಿನಲ್ಲಿ ಮೂರು ಹಂತ. ಅನ್‌ಲಾಕ್ ಆದ ಫೋನ್ ಹೆಚ್ಚೆಂದರೆ ಕೆಳಗಿನ ಹಂತ ದಾಟುತ್ತೆ. ಮಧ್ಯದ ಹಂತ ಕೇಳೋ ಆ್ಯಪಿನಲ್ಲಿ ಅದು ಫೇಲು.

ವಿಪರ್ಯಾಸ ನೋಡಿ. ಮೂರು ವರ್ಷದಿಂದ ಒಂದೂ ಪ್ಯಾಚ್ ಕಾಣದ, ಗೊತ್ತಿರೋ ತೂತುಗಳೆಲ್ಲ ಹಾಗೇ ಇರೋ ಹಳೇ ಸಾಫ್ಟ್‌ವೇರ್ ಇದ್ದಾಗ ಇದೇ ಆ್ಯಪ್ ತಕರಾರಿಲ್ಲದೆ ಓಡ್ತಿತ್ತು. ಹೋದ ತಿಂಗಳ ಪ್ಯಾಚ್ ಹಾಕಿದ ಮೇಲೆ ಸುರಕ್ಷಿತವಲ್ಲ ಅಂತು. ಅತಿ ಮೇಲಿನ ಹಂತಕ್ಕೆ ಈಚೆಗೆ ಪ್ಯಾಚಿನ ತಾರೀಖನ್ನೂ ನೋಡೋ ನಿಯಮ ಬಂದಿದೆ, ಅದೂ ಆಂಡ್ರಾಯ್ಡ್ 13ರಿಂದ ಮೇಲಿನ ಫೋನಿಗೆ. ಬ್ಯಾಂಕಿನವರ ಭಯ ಪೂರ್ತಿ ಸುಳ್ಳಲ್ಲ. ಅನ್‌ಲಾಕ್ ಆದ ಫೋನನ್ನ ಯಾರು ಬೇಕಾದ್ರೂ ಬದಲಾಯಿಸಿರಬಹುದು. ಆದ್ರೆ ತಾಂತ್ರಿಕವಾಗಿ ಬೇರೆ ದಾರಿ ಇದೆ. ಪಿಕ್ಸೆಲ್ ಫೋನುಗಳಲ್ಲಿ ನಿಮ್ಮದೇ ಕೀ ಹಾಕಿ ಬೂಟ್‌ಲೋಡರನ್ನ ಮತ್ತೆ ಲಾಕ್ ಮಾಡಬಹುದು. ಗ್ರಾಫೀನ್‌ಒಎಸ್ ನಿಂತಿರೋದೇ ಈ ಸೌಲಭ್ಯದ ಮೇಲೆ. ಬೇಕಿದ್ದ ಆ್ಯಪ್ ಆ ಕೀಯನ್ನ ಹಾರ್ಡ್‌ವೇರ್ ಮೂಲಕವೇ ಪರೀಕ್ಷಿಸಿ ನಂಬಬಹುದು. ಹೆಚ್ಚಿನವರು ಹಾಗೆ ಮಾಡಲ್ಲ, ಗೂಗಲ್ಲಿನ ತೀರ್ಪು ತಗೊಂಡು ಸುಮ್ಮನಾಗ್ತಾರೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೋ, ಪಕ್ಕದ ಬೀದಿ ಟೀಚರಮ್ಮ ಬ್ಲೌಸಿನ ದುಡ್ಡು ಹಾಕಬೇಕು, ಎಲ್ಲಿಗೆ ಹಾಕ್ತಾರೆ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ಇಂಟೆಗ್ರಿಟಿಗೆ ಸುಳ್ಳು ಹೇಳೋ ಮಾಡ್ಯೂಲುಗಳಿವೆ, ನಿಮ್ಮಲ್ಲಿ ಕೆಲವರು ಹಾಕ್ಕೊಂಡೂ ಇದೀರ. ಇವತ್ತು ಓಡಿ ನಾಳೆ ನಿಲ್ಲೋ ಅಂಥದ್ದನ್ನ ಅಮ್ಮನ ಸಂಪಾದನೆ ಬರೋ ಫೋನಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ.

ಹಾಗಾದ್ರೆ ಗೂಗಲ್ ಬಿಟ್ಟು ಬೇರೆ ಓಪನ್ ಸಿಸ್ಟಮ್ ಯಾಕೆ ಅಂಗಡಿಯಲ್ಲಿ ಸಿಗಲ್ಲ? ಪ್ರಯತ್ನ ನಡೆದಿಲ್ಲ ಅಂತಲ್ಲ. ಓಪನ್‌ಮೋಕೋ 2007ರಲ್ಲೇ ಬಂತು. ನೋಕಿಯಾ 2009ರಲ್ಲಿ ಎನ್900 ಅನ್ನೋ ನಿಜವಾದ ಲಿನಕ್ಸ್ ಫೋನ್ ಮಾಡಿತ್ತು. ಮೊಝಿಲ್ಲಾದ ಫೈರ್‌ಫಾಕ್ಸ್ ಒಎಸ್ 2014ರಲ್ಲಿ ನಮ್ಮಲ್ಲಿ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಆಗಿ 1,999 ರೂಪಾಯಿಗೆ ಸಿಕ್ಕಿತ್ತು. ಅದರಲ್ಲಿ ಅಧಿಕೃತ ವಾಟ್ಸಾಪ್ ಇರಲಿಲ್ಲ. ಭಾರತದಲ್ಲಿ ವಾಟ್ಸಾಪ್ ಇಲ್ಲದ ಸ್ಮಾರ್ಟ್‌ಫೋನ್! 2015ರ ಕೊನೆಗೆ ಮೊಝಿಲ್ಲಾ ಫೋನಿನ ಕೆಲಸ ನಿಲ್ಲಿಸ್ತು. ಅದೇ ಕೋಡಿನಿಂದ ಹುಟ್ಟಿದ ಕೈಒಎಸ್ 2017ರಲ್ಲಿ ಜಿಯೋಫೋನಿನೊಳಗೆ ಕೂತು ಹಳ್ಳಿ ಹಳ್ಳಿಗೆ ಹೋಯ್ತು, ಮರುವರ್ಷ ಅದಕ್ಕೆ ವಾಟ್ಸಾಪೂ ಬಂತು. ನಮ್ಮಜ್ಜಿಯ ಕೈಯಲ್ಲಿದ್ದಿದ್ದು ಅದೇ. ಅಂದ್ರೆ ಅಜ್ಜಿ ನನಗಿಂತ ಮೊದಲೇ ಮೊಝಿಲ್ಲಾದ ಕೋಡ್ ಜೇಬಲ್ಲಿಟ್ಕೊಂಡು ಓಡಾಡಿದಾಳೆ. 2023ರಲ್ಲಿ ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದ ಕಂಪನಿಯ ಭರ್‌ಒಎಸ್ 'ಸ್ವದೇಶಿ' ಅಂತ ಸುದ್ದಿಯಾಯ್ತು. ಅದರ ಬುಡವೂ ಎಒಎಸ್‌ಪಿಯೇ. ಅದರಲ್ಲಿ ನಾಚಿಕೆಯೇನಿಲ್ಲ, ಓಪನ್ ಸೋರ್ಸ್ ಇರೋದೇ ಅದಕ್ಕೆ. ನೇರವಾಗಿ ಹೇಳಿಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಅಂತ ನನ್ನ ಅನಿಸಿಕೆ.

ಅಂಗಡಿಯಲ್ಲಿ ಸಿಗದೆ ಇರೋದಕ್ಕೆ ಒಪ್ಪಂದಗಳೂ ಕಾರಣ. ಪ್ಲೇ ಸ್ಟೋರ್ ಬೇಕಾದ ಕಂಪನಿ ಗೂಗಲ್ಲಿನ ಆ್ಯಪುಗಳ ಇಡೀ ಗಂಟನ್ನ ಹಾಕ್ಕೋಬೇಕಿತ್ತು, ಜೊತೆಗೆ ಆಂಡ್ರಾಯ್ಡಿನ ಬೇರೆ ರೂಪ ಇರೋ ಫೋನ್ ಮಾರಲ್ಲ ಅಂತ ಬರೆದುಕೊಡಬೇಕಿತ್ತು. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಇಂಥ ಕಟ್ಟುಗಳ ವಿಚಾರಕ್ಕೇ. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನ ಕೈಬಿಟ್ರೂ ದಂಡವನ್ನ ಎತ್ತಿಹಿಡಿಯಿತು. ಆ್ಯಪುಗಳನ್ನ ಬಿಡಿಬಿಡಿಯಾಗಿ ಲೈಸೆನ್ಸ್ ಕೊಡ್ತೀವಿ ಅಂತ 2023ರ ಜನವರಿಯಲ್ಲಿ ಗೂಗಲ್ ಭಾರತಕ್ಕೆ ಹೇಳಿತು. ಇನ್ನೊಂದು ಕಡೆ, 2025ರಿಂದ ಆಂಡ್ರಾಯ್ಡಿನ ಅಭಿವೃದ್ಧಿ ಪೂರ್ತಿ ಒಳಗೇ ನಡೆಯುತ್ತೆ, ಬಿಡುಗಡೆಯಾದ ಮೇಲಷ್ಟೇ ಸೋರ್ಸ್ ಹೊರಗೆ ಬರುತ್ತೆ. ಲೈಸೆನ್ಸ್ ಬದಲಾಗಿಲ್ಲ, ಬಾಗಿಲು ಮಾತ್ರ ಸ್ವಲ್ಪ ಮುಂದಕ್ಕೆ ಎಳೆದುಕೊಂಡಿದೆ.

ನನಗೆ ನಿಜವಾಗಿ ಭರವಸೆ ಇರೋದು ಇನ್ನೊಂದು ಗುಂಪಿನ ಮೇಲೆ. 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಒಎಸ್. ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ್ದು, ಆಂಡ್ರಾಯ್ಡೇ ಅಲ್ಲ. ಫೋನಿಗೆ ಹತ್ತು ವರ್ಷದ ಆಯಸ್ಸು ಕೊಡಬೇಕು ಅನ್ನೋದು ಅವರ ಗುರಿ. ಕಂಪನಿಯ ಹಳೇ ಕರ್ನಲ್ಲಿಗೆ ತೇಪೆ ಹಾಕೋ ಬದಲು, ಆ ಚಿಪ್ಪಿನ ಬೆಂಬಲವನ್ನ ಮೂಲ ಲಿನಕ್ಸಿಗೇ ಸೇರಿಸೋದು ಅವರು ಮೆಚ್ಚೋ ದಾರಿ. ಒಮ್ಮೆ ಒಳಗೆ ಹೋದ್ರೆ ಕರ್ನಲ್ ಮುಂದೆ ಹೋದ ಹಾಗೆ ಫೋನೂ ಮುಂದೆ ಹೋಗುತ್ತೆ, ನನ್ನ ಲ್ಯಾಪ್‌ಟಾಪಿನ ಹಾಗೆ. ನಮ್ಮ ಹಾಸ್ಟೆಲಲ್ಲಿ ಒಂದು ಕಾಲಕ್ಕೆ ಎಲ್ಲರ ಕೈಯಲ್ಲೂ ಇದ್ದ ಪೋಕೋ ಎಫ್1, ಒನ್‌ಪ್ಲಸ್ 6, ಎರಡೂ ಸ್ನ್ಯಾಪ್‌ಡ್ರ್ಯಾಗನ್ 845. ಇವತ್ತು ಮೂಲಕ್ಕೆ ತೀರಾ ಹತ್ತಿರದ ಕರ್ನಲ್ಲಿನಲ್ಲಿ ಓಡ್ತವೆ. ಗ್ರಾಫಿಕ್ಸಿನ ಬ್ಲಾಬುಗಳಿಗೂ ಬದಲಿ ಬಂದಿದೆ. ಅಡ್ರಿನೋಗೆ ರಾಬ್ ಕ್ಲಾರ್ಕ್ ಶುರು ಮಾಡಿದ ಫ್ರೀಡ್ರಿನೋ, ಮಾಲಿಗೆ ಪ್ಯಾನ್‌ಫ್ರಾಸ್ಟ್. ಎರಡೂ ಶುರುವಾಗಿದ್ದು ರಿವರ್ಸ್ ಎಂಜಿನಿಯರಿಂಗಿನಿಂದ. ಪ್ಯಾನ್‌ಫ್ರಾಸ್ಟಿನ ಅಲಿಸ್ಸಾ ರೋಸೆನ್‌ಜ್ವೀಗ್ ಈ ಕೆಲಸಕ್ಕೆ ಕೈ ಹಾಕಿದಾಗ ಇನ್ನೂ ಓದ್ತಾ ಇದ್ದವರು. ದಿನಬಳಕೆಗೆ ಇವೆಲ್ಲ ಸಿದ್ಧವಾ ಅಂದ್ರೆ ಇಲ್ಲ. ಒಂದರಲ್ಲಿ ಕ್ಯಾಮೆರಾ ಬರಲ್ಲ, ಇನ್ನೊಂದರಲ್ಲಿ ಕಾಲ್ ಆಡಿಯೋ ಕೈಕೊಡುತ್ತೆ.

ಕೊನೆಗೆ ಅಪ್ಪ ಅಮ್ಮನಿಗೆ ಒಂದು ಅಗ್ಗದ ಹೊಸ ಫೋನ್ ತಂದುಕೊಟ್ರು, ಯುಪಿಐಗೋಸ್ಕರ. ಹಳೇದು ಹೊಲಿಗೆ ಮಷಿನ್ ಪಕ್ಕದಲ್ಲಿ ಸ್ಟ್ಯಾಂಡಿಗೆ ಒರಗಿದೆ. ಕಟಿಂಗ್ ವಿಡಿಯೋ, ಡಿಸೈನ್ ಫೋಟೋ ಎಲ್ಲ ಅದರಲ್ಲೇ. ಹೊಸದಕ್ಕಿಂತ ಅದೇ ಚುರುಕಾಗಿದೆ ಅಂತ ಅಮ್ಮ ಮೊನ್ನೆ ಫೋನಲ್ಲಿ ಹೇಳಿದಳು. ಯಾವ ಫೋನಿಂದ ಮಾತಾಡ್ತಿದ್ದಳೋ ಕೇಳಲಿಲ್ಲ.

ನಾನು ಹಾಸ್ಟೆಲಿಗೆ ವಾಪಸ್ ಬಂದು ರೂಮ್‌ಮೇಟಿನ ಡ್ರಾಯರಿನಲ್ಲಿ ಬಿದ್ದಿದ್ದ ಸ್ನ್ಯಾಪ್‌ಡ್ರ್ಯಾಗನ್ 625ರ ಒಂದು ಫೋನ್ ಹಿಡ್ಕೊಂಡು ಕೂತಿದೀನಿ. ಪೋಸ್ಟ್‌ಮಾರ್ಕೆಟ್‌ಒಎಸ್ ಬೂಟ್ ಆಗುತ್ತೆ, ಪರದೆಯ ಮೇಲೆ ಅಕ್ಷರ ಬರುತ್ತೆ, ಯುಎಸ್‌ಬಿ ಮೇಲೆ ಲಾಗಿನ್ನೂ ಆಗುತ್ತೆ. ಟಚ್ ಮಾತ್ರ ಬಂದಿಲ್ಲ. ಡಿವೈಸ್ ಟ್ರೀಯಲ್ಲಿ ರೆಗ್ಯುಲೇಟರ್ ತಪ್ಪು ಬರೆದಿದೀನಿ ಅಂತ ಅನುಮಾನ. ಇಸಿ ಬ್ರ್ಯಾಂಚಿನವರು ಯಾರಾದ್ರೂ ಲ್ಯಾಬಿನ ಲಾಜಿಕ್ ಅನಲೈಜರ್ ಒಂದು ಸಂಜೆ ಕೊಡಿಸೋಕೆ ಆಗುತ್ತೆ ಅನ್ನೋದಾದ್ರೆ ಕನ್ನಡ ಸಂಘದ ರೂಮಿಗೆ ಬನ್ನಿ. ಶುಕ್ರವಾರ ಆರು ಗಂಟೆ ಮೇಲೆ ಅಲ್ಲೇ ಇರ್ತೀನಿ.